ವಸ್ತಾದ ಯಾರಾಗಬೇಕು?

2024ರ ಡಿಸೆಂಬರು ಮುಗಿಯುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿಯ ಹೊಲಗಳಲ್ಲಿ ತೊಗರಿಯ ಕೊಯ್ಲಿನ ಕಾಲ. ಹಗಲೆಲ್ಲ ಹೊಲ, ರಾಶಿ, ಧಾರಣೆಗಳ ಚಿಂತೆ. ಸಂಜೆಯಾಯಿತೆಂದರೆ ಚಹದ ಅಂಗಡಿಯ ಬೆಂಚು. ಅಲ್ಲಿ ತೊಗರಿಯ ಧಾರಣೆಯಷ್ಟೇ ಬಿಸಿಯಾಗಿ ಚರ್ಚೆಗೆ ಬರುತ್ತಿದ್ದ ಇನ್ನೊಂದು ವಿಷಯವೆಂದರೆ ಬೆಂಗಳೂರು ಬುಲ್ಸ್ ಎಂಬ ಕಬಡ್ಡಿ ತಂಡದ ದುರವಸ್ಥೆ. ಪ್ರೊ ಕಬಡ್ಡಿ ಲೀಗಿನ ಆ ವರ್ಷದ ಆವೃತ್ತಿಯಲ್ಲಿ ಆಡಿದ 22 ಪಂದ್ಯಗಳಲ್ಲಿ ಆ ತಂಡ ಗೆದ್ದುದು ಎರಡೇ ಎರಡು, ಒಂದು ಸಮವಾಯಿತು, ಉಳಿದ 19ರಲ್ಲಿ ಸೋಲು. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಅದಕ್ಕೆ ದೊರೆತುದು ಹನ್ನೆರಡನೆಯ ಸ್ಥಾನ. ಅಷ್ಟಾದ ಮೇಲೆ ಅಭಿಮಾನಿಗಳ ಬಾಯಲ್ಲಿ ಉಳಿದ ಪ್ರಶ್ನೆ ಒಂದೇ: ಮುಂದಿನ ತರಬೇತುದಾರ ಯಾರಾಗಬೇಕು?

ತರಬೇತುದಾರ ಎಂಬುದು ಪತ್ರಿಕೆಗಳ ಮಾತು. ಹುಡುಗರು ಕೋಚ್ ಎನ್ನುತ್ತಾರೆ. ಗರಡಿಯ ಕೆಮ್ಮಣ್ಣನ್ನು ಬಲ್ಲ ಹಿರಿಯರ ಬಾಯಲ್ಲಿ ಅವನು ವಸ್ತಾದ. ಈ ಹಳೆಯ ಮಾತಿನ ಹಿಂದೆ ಒಂದು ಅನುಭವವೇ ಅಡಗಿದೆ. ಗರಡಿಯ ವಸ್ತಾದ ಊರಿನ ಕಣ್ಣೆದುರಿಗೆ ಬಾಳಿದವನು. ನಸುಕಿನಲ್ಲಿ ಎದ್ದು ಯಾವ ಹುಡುಗನಿಗೆ ಯಾವ ಪಟ್ಟು ಕಲಿಸಿದ, ಯಾರನ್ನು ಗದರಿಸಿದ, ಯಾರ ಮನೆಯಲ್ಲಿ ಹಾಲಿಲ್ಲವೆಂದು ತಿಳಿದು ಹಾಲು ಕೊಡಿಸಿದ ಎಂಬುದೆಲ್ಲ ಊರಿಗೆ ಗೊತ್ತಿರುತ್ತಿದ್ದಿತು. ಅವನ ಯೋಗ್ಯತೆಯನ್ನು ಅಳೆಯುವುದಕ್ಕೆ ಜಾತ್ರೆಯ ಕುಸ್ತಿಯ ಫಲಿತಾಂಶವೊಂದೇ ಅಳತೆಗೋಲಾಗಿರಲಿಲ್ಲ. ಇಂದಿನ ಅಭಿಮಾನಿಗೆ ಈ ಭಾಗ್ಯವಿಲ್ಲ. ಅವನಿಗೆ ಕಾಣುವುದು ನಲವತ್ತು ನಿಮಿಷಗಳ ಆಟ, ಅಂಚಿನಲ್ಲಿ ಕೈಯಾಡಿಸುತ್ತ ನಿಂತ ಒಬ್ಬ ಮನುಷ್ಯ, ಕೊನೆಗೆ ಪರದೆಯ ಮೇಲೆ ಎರಡು ಅಂಕೆಗಳು. ಇಷ್ಟರಿಂದಲೇ ಅವನು ತೀರ್ಪು ಕೊಡಬೇಕು, ಕೊಡುತ್ತಲೂ ಇದ್ದಾನೆ.

ದೂರದ ತಂಡ

ಬೆಂಗಳೂರಿನ ಹೆಸರನ್ನು ಹೊತ್ತ ತಂಡಕ್ಕಾಗಿ ಭೀಮಾ ತೀರದ ಜನ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಅಸಂಗತವಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರುಗಳ ಹಾದಿ. ಪುಣೆ ಅದಕ್ಕಿಂತ ಎಷ್ಟೋ ಹತ್ತಿರ; ಹೈದರಾಬಾದು ಇನ್ನೂ ಹತ್ತಿರ. ಆಳಂದ, ಅಫಜಲಪುರಗಳ ಗಡಿಯನ್ನು ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ದುಡಿಮೆಯನ್ನರಸಿ ಹೊರಟವರು ಪುಣೆ, ಮುಂಬಯಿ, ಹೈದರಾಬಾದುಗಳ ಗಾಡಿಯನ್ನು ಹತ್ತಿದುದುಂಟು. 1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದ ಈ ಪ್ರದೇಶ 1956ರ ನವೆಂಬರ್ 1ರಂದು ಕನ್ನಡ ನಾಡಿನೊಡನೆ ಒಂದಾಯಿತು. ಕಬಡ್ಡಿಗೆ ಮರಾಠಿಯಲ್ಲಿ ಹುತುತು ಎಂಬ ಹೆಸರಿದೆ. ಗಡಿಯ ಈಚೆಯ ಮುದುಕರಿಗೂ ಆ ಹೆಸರು ಅಪರಿಚಿತವಲ್ಲ.

2014ರ ಜುಲೈ 26ರಂದು ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗು ಆರಂಭವಾದಾಗ ಬಯಲಿನ ಮಣ್ಣಿನ ಆಟ ದೀಪಗಳ ಬೆಳಕಿಗೆ ಬಂದಿತು. ಪುಣೆಗೊಂದು ತಂಡ, ಮುಂಬಯಿಗೊಂದು ತಂಡ, ತೆಲುಗರಿಗೊಂದು ತಂಡ, ಕನ್ನಡಿಗರಿಗೆ ಬೆಂಗಳೂರಿನದು. ಗಡಿನಾಡಿನ ಅಭಿಮಾನಿಯ ಮುಂದೆ ಮೂರು ದಿಕ್ಕಿನ ಮೂರು ತಂಡಗಳಿದ್ದವು. ಹತ್ತಿರದ್ದನ್ನು ಬಿಟ್ಟು ಎಲ್ಲಕ್ಕಿಂತ ದೂರದ್ದನ್ನು ತನ್ನದೆಂದು ಆರಿಸಿಕೊಂಡವನ ಪ್ರೀತಿ ಬೆಂಗಳೂರಿನವನ ಪ್ರೀತಿಯಂತಲ್ಲ. ಬೆಂಗಳೂರಿನವನಿಗೆ ಅದು ಊರಿನ ತಂಡ. ಇವನಿಗೆ ಅದು ಭಾಷೆಯ ತಂಡ.

ಆದರೆ ಭಾಷೆಯ ನಂಟನ್ನು ತಗಲಿಸಲು ಆ ತಂಡದಲ್ಲಿ ಗೂಟಗಳೆಷ್ಟು? ಹೆಸರಾಂತ ಆಟಗಾರರಲ್ಲಿ ಹೆಚ್ಚಿನವರು ಹರಿಯಾಣ ಮೊದಲಾದ ಉತ್ತರದ ರಾಜ್ಯಗಳಿಂದ ಬಂದವರು. ಪಂದ್ಯಗಳಾದರೂ ಬೆಂಗಳೂರಿನಲ್ಲಿ ನಡೆಯುತ್ತವೆಯೆ? 2024ರಲ್ಲಿ ಲೀಗು ನಡೆದುದು ಹೈದರಾಬಾದು, ನೊಯಿಡಾ, ಪುಣೆಗಳಲ್ಲಿ. 2025ರಲ್ಲಿ ವಿಶಾಖಪಟ್ಟಣ, ಜಯಪುರ, ಚೆನ್ನೈ, ದಿಲ್ಲಿಗಳಲ್ಲಿ. ಎರಡು ವರ್ಷಗಳಲ್ಲಿಯೂ ಬೆಂಗಳೂರಿಗೆ ಒಂದು ಪಂದ್ಯವೂ ಬರಲಿಲ್ಲ. ಅಂಗಣ ಇಲ್ಲಿನದಲ್ಲ, ಆಟಗಾರ ಇಲ್ಲಿನವನಲ್ಲ. ಇನ್ನು ಉಳಿದುದು ವಸ್ತಾದನ ಕುರ್ಚಿ. ಅದರ ಮೇಲಾದರೂ ನಮ್ಮವನೊಬ್ಬ ಕುಳಿತಿರಲಿ ಎಂಬ ಆಸೆ ಗಡಿನಾಡಿನವನಿಗೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು? ಚರ್ಚೆಗೆ ಅಷ್ಟು ಕಾವೇರಿದುದಕ್ಕೆ ಸೋಲಿನ ಅವಮಾನವೊಂದೇ ಕಾರಣವಾಗಿರಲಿಲ್ಲ.

ಮೂರು ಪಕ್ಷಗಳು

ಅಭಿಮಾನಿಗಳಲ್ಲಿ ಮೂರು ಪಕ್ಷಗಳಾದವು. ಮೊದಲನೆಯದು ರಣಧೀರ ಸಿಂಗ್ ಸೆಹ್ರಾವತರೇ ಇರಲಿ ಎಂಬ ಪಕ್ಷ. ಅದರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಮೊದಲ ಆವೃತ್ತಿಯಿಂದ ಹನ್ನೊಂದನೆಯದರವರೆಗೆ ಈ ತಂಡವನ್ನು ನಡೆಸಿದವರು ಅವರು. 2015ರಲ್ಲಿ ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಅಲ್ಲಿ ಮುಂಬಯಿಯ ತಂಡ 36-30ರಿಂದ ಗೆದ್ದಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತಿನ ತಂಡವನ್ನು 38-33ರಿಂದ ಮಣಿಸಿ ಬೆಂಗಳೂರಿಗೆ ಪ್ರಥಮ ಪ್ರಶಸ್ತಿಯನ್ನು ತಂದುಕೊಟ್ಟರು. ಆ ರಾತ್ರಿ ಒಬ್ಬನೇ 22 ಅಂಕಗಳನ್ನು ಗಳಿಸಿದ ಪವನ್ ಸೆಹ್ರಾವತ್, ಅದರ ಹಿಂದಿನ ಆವೃತ್ತಿಯನ್ನು ಗುಜರಾತಿನ ತಂಡದಲ್ಲಿ ಹೆಸರಿಲ್ಲದೆ ಕಳೆದಿದ್ದವನು. ಬೆಂಗಳೂರಿಗೆ ಮರಳಿ ಬಂದ ಆ ಒಂದೇ ಆವೃತ್ತಿಯಲ್ಲಿ ಅವನು ದಾಳಿಯಿಂದ ಗಳಿಸಿದ ಅಂಕಗಳು 271. ಬೇರೆಯವರು ಬದಿಗಿಟ್ಟ ಹುಡುಗನಲ್ಲಿ ಇಷ್ಟು ಶಕ್ತಿಯಿದೆಯೆಂದು ಕಂಡುಕೊಂಡವನು ಸಾಮಾನ್ಯ ವಸ್ತಾದನೆ? ಈ ಪಕ್ಷದ ಹಿರಿಯರ ಮಾತಿನ ಧಾಟಿ ಹೀಗೆ: "ಒಂದ್ ವರ್ಷ ತೊಗರಿ ಕೈ ಕೊಟ್ರ ಹೊಲಾನೇ ಮಾರ್ತೀರೇನಪ್ಪಾ?"

ಇದಕ್ಕೆ ಹುಡುಗರ ಬಳಿ ಉತ್ತರ ಸಿದ್ಧವಾಗಿರುತ್ತಿದ್ದಿತು: "ಹೊಲ ಮಾರ್ರಿ ಅಂತ ಯಾರ್ ಅಂದಾರ ಕಾಕಾ? ಬೀಜ ಬದ್ಲಿ ಮಾಡ್ರಿ ಅಂತೀವಿ."

ಈ ಹುಡುಗರದು ಎರಡನೆಯ ಪಕ್ಷ. ಅವರಿಗೆ ಬೇಕಾದವರು ಬಿ. ಸಿ. ರಮೇಶ್. ಕನ್ನಡಿಗರು; ಭಾರತಕ್ಕಾಗಿ ಆಡಿ ಅರ್ಜುನ ಪ್ರಶಸ್ತಿಯನ್ನು ಪಡೆದವರು. 2019ರ ಜನವರಿಯಲ್ಲಿ ಬೆಂಗಳೂರು ಗೆದ್ದಾಗ ಅವರು ಇದೇ ತಂಡದ ಸಹಾಯಕ ತರಬೇತುದಾರರಾಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂಗಾಳದ ತಂಡ ದಿಲ್ಲಿಯನ್ನು 39-34ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಅದರ ಮುಖ್ಯ ತರಬೇತುದಾರರು ಅವರೇ. ಮುಂದೆ ಪುಣೆಗೆ ಹೋದರು. 2022ರ ಡಿಸೆಂಬರಿನಲ್ಲಿ ಪುಣೆಯ ತಂಡ ಅಂತಿಮ ಪಂದ್ಯದಲ್ಲಿ ಸೋತಿತು; 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿಯನ್ನು ಎತ್ತಿತು. ನಮ್ಮವನು ಬಂಗಾಳಿಗಳಿಗೂ ಮರಾಠಿಗರಿಗೂ ಕಿರೀಟ ತೊಡಿಸಿದ, ನಮಗೇಕೆ ಬೇಡ? ಇದು ಈ ಪಕ್ಷದ ಪ್ರಶ್ನೆ. ಸೊಲ್ಲಾಪುರದ ಸರಹದ್ದಿನಲ್ಲಿ ಬಾಳುತ್ತ, ಪುಣೆಯ ಅಭಿಮಾನಿಗಳ ಹಾಸ್ಯವನ್ನು ಸಹಿಸಬೇಕಾದ ಆಳಂದದ ಹುಡುಗನಿಗೆ ಈ ಪ್ರಶ್ನೆ ಇನ್ನಷ್ಟು ಚುಚ್ಚುವಂಥದು.

ಮೂರನೆಯ ಪಕ್ಷದವರಿಗೆ ಬೇಕಾದುದು ದೊಡ್ಡ ಹೆಸರು. ಭಾರತಕ್ಕೆ ವಿಶ್ವಕಪ್ಪನ್ನು ತಂದ ನಾಯಕರಿದ್ದಾರೆ, ಸಾವಿರ ಅಂಕ ಗಳಿಸಿದ ದಾಳಿಗಾರರಿದ್ದಾರೆ. ಅವರಲ್ಲೊಬ್ಬರು ಬಂದರೆ ಆಟಗಾರರು ಹೆದರಿ ನಡೆಯುತ್ತಾರೆ ಎಂಬುದು ಅವರ ಎಣಿಕೆ. ಈ ಎಣಿಕೆಗೆ ಲೀಗಿನ ಇತಿಹಾಸ ಪೂರ್ತಿ ಬೆಂಬಲವನ್ನು ಕೊಡುವುದಿಲ್ಲ. 2016ರ ವಿಶ್ವಕಪ್ ಗೆದ್ದ ತಂಡದ ನಾಯಕ ಅನೂಪ್ ಕುಮಾರರು 2019ರಲ್ಲಿ ಪುಣೆಯ ತರಬೇತುದಾರರಾದರು. ಆ ವರ್ಷ ಪುಣೆಯ ತಂಡ ಲೀಗ್ ಹಂತವನ್ನು ದಾಟಲಿಲ್ಲ. ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು ವಿದ್ಯೆ.

ವಸ್ತಾದನ ಕೆಲಸವೇನು?

ವಾದದ ಮಧ್ಯೆ ಯಾರೂ ಅಷ್ಟಾಗಿ ಕೇಳದ ಪ್ರಶ್ನೆಯೊಂದುಂಟು. ಕಬಡ್ಡಿಯಲ್ಲಿ ತರಬೇತುದಾರ ಮಾಡುವುದಾದರೂ ಏನು?

ಅವನ ಕೆಲಸ ಪಂದ್ಯದ ದಿನ ಆರಂಭವಾಗುವುದಿಲ್ಲ. ಹರಾಜಿನ ದಿನವೇ ಆರಂಭವಾಗುತ್ತದೆ. ಇಂತಿಷ್ಟು ಹಣದ ಮಿತಿಯೊಳಗೆ ದಾಳಿಗಾರರೆಷ್ಟು ಮಂದಿ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವವರೆಷ್ಟು, ನಡುವೆ ನಿಂತು ಅಡ್ಡಗಟ್ಟುವವರೆಷ್ಟು ಎಂದು ಲೆಕ್ಕ ಹಾಕಬೇಕು. ಎಲ್ಲ ಹಣವನ್ನು ಒಬ್ಬ ತಾರೆಗೆ ಸುರಿದರೆ ಅವನು ಗಾಯಗೊಂಡ ದಿನ ತಂಡ ಕುಂಟುತ್ತದೆ. ಹಣವನ್ನು ಹಂಚಿದರೆ ಕಠಿಣ ಸಮಯದಲ್ಲಿ ಭಾರ ಹೊರುವವನಿಲ್ಲ. 2024ರಲ್ಲಿ ಬೆಂಗಳೂರು ಪ್ರದೀಪ್ ನರವಾಲನಂಥ ಪ್ರಖ್ಯಾತ ದಾಳಿಗಾರನನ್ನು 70 ಲಕ್ಷ ರೂಪಾಯಿಗೆ ಕೊಂಡು ನಾಯಕನನ್ನಾಗಿ ಮಾಡಿತು. ಹೆಸರು ದೊಡ್ಡದಿದ್ದಿತು; ಆದರೆ ಅವನ ಉತ್ತಮ ದಿನಗಳು ಹಿಂದಾಗಿದ್ದವು.

ಇನ್ನು ಅಂಗಣ. 13 ಮೀಟರು ಉದ್ದ, 10 ಮೀಟರು ಅಗಲ. ಒಂದೊಂದು ಪಕ್ಷಕ್ಕೆ ಏಳು ಮಂದಿ. ಒಂದು ದಾಳಿಗೆ 30 ಸೆಕೆಂಡು. ಎರಡು ದಾಳಿ ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತಾರದಿದ್ದರೆ ದಾಳಿಗಾರ ಔಟು. ಆ ಮೂರನೆಯ ದಾಳಿಗೆ ಯಾರನ್ನು ಕಳಿಸಬೇಕು? ಮುಖ್ಯ ದಾಳಿಗಾರನನ್ನು ಕಳಿಸಿ ಕಳೆದುಕೊಂಡರೆ ಅವನು ಹೊರಗೆ ಕುಳಿತಷ್ಟು ಹೊತ್ತು ಎದುರಾಳಿಗೆ ಸುಗ್ಗಿ. ಅಂಗಣದಲ್ಲಿ ಮೂವರೇ ಉಳಿದಿರುವಾಗ ಎದುರಾಳಿಯನ್ನು ಹಿಡಿದರೆ ಒಂದು ಅಂಕ ಹೆಚ್ಚು. ಹಿಡಿಯಹೋಗಿ ಕೈ ಜಾರಿದರೆ ತಂಡವೆಲ್ಲ ಔಟಾಗಿ ಎದುರಾಳಿಗೆ ಎರಡು ಅಂಕದ ಕಾಣಿಕೆ. ಹಿಡಿಯಬೇಕೆ, ಬಿಡಬೇಕೆ? ಈ ನಿರ್ಧಾರಗಳನ್ನು ಆಟಗಾರ ಅರೆಕ್ಷಣದಲ್ಲಿ ಮಾಡುತ್ತಾನೆ. ಆದರೆ ಆ ಅರೆಕ್ಷಣಕ್ಕಾಗಿ ತಿಂಗಳುಗಟ್ಟಲೆ ಅವನನ್ನು ಸಿದ್ಧಗೊಳಿಸಿದವನು ವಸ್ತಾದ. ಮೂಲೆಯವನು ಕಾಲಿಗೆ ಕೈ ಹಾಕಿದ ಗಳಿಗೆಯಲ್ಲಿಯೇ ನಡುವಿನವನು ಮೈಮೇಲೆ ಬೀಳಬೇಕು. ಒಂದು ಉಸಿರಿನಷ್ಟು ತಡವಾದರೆ ದಾಳಿಗಾರ ಗೆರೆ ಮುಟ್ಟುತ್ತಾನೆ. ಈ ಹೊಂದಾಣಿಕೆ ಹಣಕ್ಕೆ ಸಿಗುವ ವಸ್ತುವಲ್ಲ.

ಆದುದರಿಂದ "ಕನ್ನಡದಾಗ ಬೈದ್ರ ಹರಿಯಾಣದವನಿಗೆ ಏನ್ ತಿಳೀತದ?" ಎಂಬ ಕುಚೋದ್ಯದ ಪ್ರಶ್ನೆಯಲ್ಲಿ ಒಂದು ಸತ್ಯವಿದೆ. ತರಬೇತುದಾರನ ಊರು ಯಾವುದು ಎಂಬುದು ಎದುರಾಳಿಯ ಕಾಲನ್ನು ಹಿಡಿಯಲು ನೆರವಾಗುವುದಿಲ್ಲ.

ನಮ್ಮವನು ಎಂದರೆ ಯಾರು?

ಈ ಪ್ರಶ್ನೆ ಭಾರತೀಯ ಕಬಡ್ಡಿಗೆ ಬಹಳ ಕಹಿಯಾದ ರೀತಿಯಲ್ಲಿ ಒಮ್ಮೆ ಎದುರಾಯಿತು. 1990ರಿಂದ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿಯಲ್ಲಿ ಸತತವಾಗಿ ಏಳು ಚಿನ್ನಗಳನ್ನು ಗೆದ್ದಿದ್ದ ಭಾರತ, 2018ರ ಆಗಸ್ಟಿನಲ್ಲಿ ಜಕಾರ್ತದಲ್ಲಿ ಇರಾನಿನ ಎದುರು ಉಪಾಂತ್ಯದಲ್ಲಿ ಸೋತಿತು. ಮರುದಿನ ಮಹಿಳೆಯರ ಅಂತಿಮ ಪಂದ್ಯ. ಅಲ್ಲಿಯೂ ಇರಾನು ಭಾರತವನ್ನು 27-24ರಿಂದ ಸೋಲಿಸಿತು. ಗೆದ್ದ ಇರಾನಿ ಹುಡುಗಿಯರ ತರಬೇತುದಾರಳು ಯಾರು? ನಾಸಿಕದ ಶೈಲಜಾ ಜೈನ್. ಭಾರತದ ಹೆಣ್ಣುಮಗಳು, ಪರದೇಶದ ಹುಡುಗಿಯರನ್ನು ತನ್ನ ಮಕ್ಕಳಂತೆ ತಿದ್ದಿ, ತನ್ನ ದೇಶದ ಎದುರಿಗೇ ಚಿನ್ನ ಗೆಲ್ಲಿಸಿದಳು. ಆಕೆ ಆ ದಿನ ಯಾರವಳಾಗಿದ್ದಳು? ಕಲಿತವರು ಯಾರೋ, ಕಲಿಸಿದವಳು ಅವರವಳು ಎನ್ನದೆ ವಿಧಿಯಿಲ್ಲ.

ಕಬಡ್ಡಿಯಂತೆಯೇ ಎದುರಾಳಿಯನ್ನು ಹಿಡಿದು ಕೆಡಹುವ ಇನ್ನೊಂದು ಆಟ ಇಂಗ್ಲೆಂಡಿನ ಉತ್ತರದಲ್ಲಿದೆ. ಅದರ ಹೆಸರು ರಗ್ಬಿ ಲೀಗ್. ಆಟದ ದಿನ ಕೂಲಿ ತಪ್ಪಿಸಿಕೊಂಡ ಗಣಿ ಗಿರಣಿಗಳ ಕಾರ್ಮಿಕರಿಗೆ ಪರಿಹಾರ ಕೊಡಬೇಕೆಂಬ ಜಗಳದಿಂದ 1895ರಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಅದು ಬೇರೆಯಾಗಿ ಹುಟ್ಟಿತು. ಅಲ್ಲಿನ ಪಟ್ಟಣಗಳಲ್ಲಿಯೂ ಮುಂದಿನ ತರಬೇತುದಾರ ಯಾರೆಂಬುದು ಮನೆಮನೆಯ ವಾದ. ವಿಗನ್ ಪಟ್ಟಣದ ಪ್ರಸಿದ್ಧ ತಂಡ 2022ರ ಆವೃತ್ತಿಗೆ ಮ್ಯಾಟ್ ಪೀಟ್ ಎಂಬ ಸ್ಥಳೀಯನನ್ನು ನೇಮಿಸಿಕೊಂಡಿತು. ದೊಡ್ಡ ಆಟಗಾರನೆಂಬ ಹೆಸರು ಅವನಿಗಿರಲಿಲ್ಲ. ವೃತ್ತಿಪರ ಆಟವನ್ನು ಅವನು ಆಡಿದವನೇ ಅಲ್ಲ. 2024ರಲ್ಲಿ ಆ ತಂಡ ತನಗೆ ಸಾಧ್ಯವಿದ್ದ ನಾಲ್ಕು ಪ್ರಶಸ್ತಿಗಳನ್ನೂ ಗೆದ್ದಿತು. ಊರಿನವನೆಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಆದರೆ ಅವನನ್ನು ಗೆಲ್ಲಿಸಿದುದು ಊರಲ್ಲ, ವರ್ಷಗಟ್ಟಲೆ ಎಳೆಯರ ತಂಡಗಳೊಡನೆ ಮಾಡಿದ ಕೆಲಸ.

ತಾಳ್ಮೆಯ ಪಾಠಕ್ಕೆ ಪ್ರೊ ಕಬಡ್ಡಿಯಲ್ಲಿಯೇ ಒಂದು ನಿದರ್ಶನವಿದೆ. ಮನಪ್ರೀತ್ ಸಿಂಗ್ 2016ರಲ್ಲಿ ಪಟನಾ ತಂಡದ ನಾಯಕನಾಗಿ ಪ್ರಶಸ್ತಿ ಗೆದ್ದವರು. ತರಬೇತುದಾರರಾದ ಮೇಲೆ ಅವರ ಗುಜರಾತ್ ತಂಡ ಮೊದಲು ಪಟನಾದ ಎದುರು, ಮರುವರ್ಷ ಬೆಂಗಳೂರಿನ ಎದುರು ಅಂತಿಮ ಪಂದ್ಯವನ್ನು ಸೋತಿತು. ಹರಿಯಾಣದ ತಂಡಕ್ಕೆ ಹೋದರು. 2024ರ ಮಾರ್ಚಿನಲ್ಲಿ ರಮೇಶರ ಪುಣೆಯ ಎದುರು ಮತ್ತೊಂದು ಅಂತಿಮ ಪಂದ್ಯ ಕೈತಪ್ಪಿತು. ಮೂರು ಸಲ ಮೆಟ್ಟಿಲ ತುದಿಯಿಂದ ಜಾರಿದ ಮನುಷ್ಯನನ್ನು ಹರಿಯಾಣ ಕೈಬಿಡಲಿಲ್ಲ. ಅದೇ ವರ್ಷದ ಡಿಸೆಂಬರ್ 29ರಂದು ಪಟನಾವನ್ನು 32-23ರಿಂದ ಸೋಲಿಸಿ ಹರಿಯಾಣ ಪ್ರಶಸ್ತಿ ಗೆದ್ದಿತು. ಬೆಂಗಳೂರು ಪಟ್ಟಿಯ ತಳದಲ್ಲಿದ್ದುದೂ ಅದೇ ಆವೃತ್ತಿಯಲ್ಲಿ. ರಣಧೀರರ ಪಕ್ಷದವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ. ಆದರೆ ಹುಡುಗರು ಹೇಳಿದ ಮಾತೂ ಸುಳ್ಳಲ್ಲ: ಅಂತಿಮ ಪಂದ್ಯದಲ್ಲಿ ಸೋಲುವುದು ಬೇರೆ, 22ರಲ್ಲಿ 19 ಸೋಲುವುದು ಬೇರೆ. ಮಳೆ ತಪ್ಪಿದ ಹೊಲಕ್ಕೆ ಕಾಯಬಹುದು. ನೆಟೆ ರೋಗ ಬಿದ್ದ ಹೊಲಕ್ಕೆ ಕಾದು ಫಲವಿಲ್ಲ.

ತೀರ್ಮಾನ ಮತ್ತು ಫಲ

ಅಭಿಮಾನಿಗಳಿಗೆ ಮತವಿಲ್ಲ, ಮತವಿರುವುದು ಒಡೆಯರಿಗೆ. 2025ರಲ್ಲಿ ಒಡೆಯರು ರಣಧೀರರ ಹನ್ನೊಂದು ಆವೃತ್ತಿಗಳ ಅಧ್ಯಾಯವನ್ನು ಮುಗಿಸಿ ಬಿ. ಸಿ. ರಮೇಶರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿದರು. ಎರಡನೆಯ ಪಕ್ಷದವರಿಗೆ ಹಬ್ಬವಾಯಿತು.

ಹಬ್ಬದ ಹೋಳಿಗೆ ಆರುವ ಮೊದಲೇ ಪರೀಕ್ಷೆ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಮೊದಲ ಪಂದ್ಯ ಬಿದ್ದುದು ಪುಣೆಯ ಮೇಲೆಯೇ, ಎಂದರೆ ರಮೇಶರು ತಿದ್ದಿದ ಹುಡುಗರ ಮೇಲೆಯೇ. ಪಂದ್ಯ 32-32ರಲ್ಲಿ ಸಮವಾಗಿ, ಹೆಚ್ಚುವರಿ ದಾಳಿಗಳಲ್ಲಿ ಪುಣೆ ಗೆದ್ದಿತು. ಮುಂದಿನ ಎರಡು ಪಂದ್ಯಗಳಲ್ಲಿಯೂ ಸೋಲು. ಹೊಗಳಿದ ಬಾಯಿಗಳು ಹುಳಿಯಾಗಲು ಮೂರು ಪಂದ್ಯಗಳು ಸಾಕು. ಆದರೆ ತಂಡ ಅಲ್ಲಿಂದ ಎದ್ದು ನಿಂತಿತು. ಹಿಂದಿನ ವರ್ಷ 22 ಪಂದ್ಯಗಳಲ್ಲಿ ಎರಡನ್ನು ಗೆದ್ದಿದ್ದ ತಂಡ ಈ ವರ್ಷ 18ರಲ್ಲಿ 11ನ್ನು ಗೆದ್ದು ಲೀಗ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಪ್ರಶಸ್ತಿ ಬರಲಿಲ್ಲ, ಮುಂದಿನ ಹಂತದಲ್ಲಿ ತಂಡ ಹೊರಬಿದ್ದಿತು, ಅಕ್ಟೋಬರ್ 31ರಂದು ಪುಣೆಯನ್ನು ಸೋಲಿಸಿ ದಿಲ್ಲಿ ಗೆದ್ದಿತು. ಅಷ್ಟಾದರೂ ಹನ್ನೆರಡರಿಂದ ಮೂರಕ್ಕೆ ಬಂದುದು ಸಣ್ಣ ಮಾತಲ್ಲ.

ಹಾಗಾದರೆ ಗೆದ್ದುದು ಯಾರ ವಾದ? ನಮ್ಮವನು ಬಂದುದರಿಂದ ತಂಡ ಎದ್ದಿತು ಎಂದರೆ ಪೂರ್ತಿ ಸರಿಯಾಗದು. ಕೆಲಸ ಬಲ್ಲವನು ಬಂದುದರಿಂದ ಎದ್ದಿತು. ಅವನು ನಮ್ಮವನಾಗಿದ್ದುದು ನಮ್ಮ ಸಂತೋಷ. ಬಂಗಾಳಕ್ಕೂ ಪುಣೆಗೂ ಅವರು ಕನ್ನಡಿಗರೆಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಹಾಗೆಯೇ ಹನ್ನೊಂದು ಆವೃತ್ತಿಗಳ ಕಾಲ ಉತ್ತರದ ರಣಧೀರರನ್ನು ಕನ್ನಡಿಗರು ತಮ್ಮವರೆಂದೇ ಕಂಡರು. ದುಡಿದವನಿಗೆ ಊರು ತಾನಾಗಿ ಅಂಟಿಕೊಳ್ಳುತ್ತದೆ.

ಇದರಿಂದ ಗಡಿನಾಡಿನ ಅಭಿಮಾನಿಯ ಆಸೆ ಹುಸಿಯೆಂದಾಗುವುದಿಲ್ಲ. ಆ ತಂಡದಲ್ಲಿ ತನ್ನದೆನ್ನುವಂಥದು ಏನಾದರೂ ಇರಲಿ ಎಂದು ಅವನು ಬಯಸಿದುದು ನ್ಯಾಯವೇ. ಆದರೆ ಒಂದು ಕುರ್ಚಿಯಿಂದ ಆ ಆಸೆ ತೀರುವಂಥದಲ್ಲ. ಕುರ್ಚಿಯ ಮೇಲೆ ಇಂದು ಒಬ್ಬರು, ನಾಳೆ ಇನ್ನೊಬ್ಬರು. ತೀರಬೇಕಾದರೆ ಅಂಗಣದೊಳಗಿನ ಏಳು ಮಂದಿಯಲ್ಲಿ ಇಲ್ಲಿನ ಹುಡುಗನಿರಬೇಕು. ಕರಾವಳಿ ಅದನ್ನು ಮಾಡಿ ತೋರಿಸಿದೆ. ಭಾರತದ ಮಹಿಳಾ ತಂಡವನ್ನು ಮುನ್ನಡೆಸಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳದ ಕಡೆಯ ಹಳ್ಳಿಯವರು. ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಸಹ ಆ ಸೀಮೆಯವರೇ. ಆ ಊರುಗಳಲ್ಲಿ ಹಣವಂತ ತಂಡಗಳು ಬರುವುದಕ್ಕೆ ಬಹು ಮೊದಲೇ ಶಾಲೆಯ ಬಯಲಿತ್ತು, ಸಂಜೆಯ ಆಟವಿತ್ತು, ಗದರಿಸಿ ತಿದ್ದುವ ಒಬ್ಬ ಮಾಸ್ತರರಿದ್ದರು.

ಆಳಂದದಲ್ಲಿಯೂ ಬಯಲಿದೆ, ಅಫಜಲಪುರ, ಜೇವರ್ಗಿಗಳ ಹುಡುಗರ ತೋಳಿಗೆ ದುಡಿಮೆ ಕೊಟ್ಟ ಬಲವಿದೆ. ಅವರಿಗೆ ಮೂಲೆಯಲ್ಲಿ ನಿಲ್ಲುವುದು ಹೇಗೆ, ಉಸಿರನ್ನು ಉಳಿಸುವುದು ಹೇಗೆ, ಯಾವ ಗಳಿಗೆಗೆ ಹಿಡಿಯಬೇಕು, ಯಾವ ಗಳಿಗೆಗೆ ಬಿಡಬೇಕು ಎಂದು ಹೇಳಿಕೊಡುವವರು ಬೇಕು. ಬೆಂಗಳೂರಿನ ತರಬೇತುದಾರನನ್ನು ಆರಿಸುವುದು ಒಡೆಯರ ಕೈಯಲ್ಲಿದೆ. ತಾಲ್ಲೂಕಿನ ಶಾಲೆಗೆ ಒಳ್ಳೆಯ ವ್ಯಾಯಾಮ ಶಿಕ್ಷಕ ಬೇಕೆಂದು ಕೇಳುವುದು, ಬಂದವನು ಕೆಲಸ ಮಾಡುತ್ತಿದ್ದಾನೆಯೆ ಎಂದು ನೋಡುವುದು ಊರಿನವರ ಕೈಯಲ್ಲಿಯೇ ಇದೆ. ರಣಧೀರರೋ ರಮೇಶರೋ ಎಂದು ಅಷ್ಟು ಸೂಕ್ಷ್ಮವಾಗಿ ತೂಗಬಲ್ಲ ಜನ ಈ ತಕ್ಕಡಿಯನ್ನೂ ಹಿಡಿಯಬಲ್ಲರು.